ರಿಚರ್ಡ್ ಗರ್ಲಿ ಡ್ರೂ

ರಿಚರ್ಡ್ ಗರ್ಲಿ ಡ್ರೂ (ಜೂನ್ 22, 1899 – ಡಿಸೆಂಬರ್ 14, 1980) ಅಮೆರಿಕದ ಸಂಶೋಧಕರು. ಬಣ್ಣ ಬಳಿಯುವವರು ಉಪಯೋಗಿಸುವ ಮಾಸ್ಕಿಂಗ್ ಟೇಪು ಮತ್ತು ಮನೆ, ಶಾಲೆ, ಕಚೇರಿಗಳಲ್ಲಿ ನಿತ್ಯವೂ ಕಾಣುವ ಪಾರದರ್ಶಕ ಸೆಲ್ಲೊಫೇನ್ ಟೇಪು ಇವರ ಮುಖ್ಯ ಆವಿಷ್ಕಾರಗಳು. ಮಿನ್ನೆಸೋಟ ಮೈನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯಲ್ಲಿ (ಮುಂದೆ ತ್ರೀಎಂ ಎಂದು ಹೆಸರಾದ ಸಂಸ್ಥೆ) ಸುಮಾರು ನಾಲ್ಕು ದಶಕಗಳ ಕಾಲ ದುಡಿದ ಇವರು ಗಟ್ಟಿಯಾಗಿ ಅಂಟಿಕೊಳ್ಳುವ, ಆದರೆ ಎಳೆದಾಗ ಕೆಳಗಿನ ಬಣ್ಣವನ್ನು ಕೀಳದೆ ಬಿಟ್ಟುಬರುವ ಪಟ್ಟಿಯೊಂದನ್ನು ಮೊದಲಿಗೆ ಸಿದ್ಧಪಡಿಸಿದವರೆಂದು ಪ್ರಸಿದ್ಧರು. ಇಂದು ಕಾರು, ಮೋಟಾರು ಸೈಕಲ್ಲು ಮತ್ತು ಸೈಕಲ್ಲುಗಳ ಬಣ್ಣವನ್ನು ಗೀರುಗಳಿಂದ ಕಾಯುವ ಪಾರದರ್ಶಕ ಅಂಟುಹಾಳೆಗಳನ್ನು ಇವರು ಸ್ವತಃ ತಯಾರಿಸಲಿಲ್ಲ. ಆದರೆ ಆ ಹಾಳೆಗಳ ಹಿಂದಿರುವ ಬೇಡಿಕೆ ಇವರು 1923ರಲ್ಲಿ ಕೈಗೆತ್ತಿಕೊಂಡ ಬೇಡಿಕೆಯೇ ಆಗಿದೆ. ಆದ್ದರಿಂದ ಈ ಲೇಖನದ ಕೊನೆಯ ಭಾಗದಲ್ಲಿ ಸೈಕಲ್ ಫ್ರೇಮಿನ ಬಣ್ಣದ ರಕ್ಷಣೆಯನ್ನು, ವಿಶೇಷವಾಗಿ ವಿಜಯಪುರ ಜಿಲ್ಲೆಯ ಹವೆ ಹಾಗೂ ಮಣ್ಣನ್ನು ಗಮನದಲ್ಲಿಟ್ಟುಕೊಂಡು, ಸ್ವಲ್ಪ ವಿಸ್ತಾರವಾಗಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಡ್ರೂ ಅವರು ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಜನಿಸಿದರು. ಯೌವನದಲ್ಲಿ ನೃತ್ಯಕೂಟಗಳ ವಾದ್ಯಮೇಳಗಳಲ್ಲಿ ಬ್ಯಾಂಜೊ ಎಂಬ ತಂತಿವಾದ್ಯವನ್ನು ನುಡಿಸಿ ಸಂಪಾದಿಸಿದ ಹಣದಿಂದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ವ್ಯಾಸಂಗಕ್ಕೆ ಸೇರಿದರು. ಆ ವ್ಯಾಸಂಗವು ಒಂದೂವರೆ ವರ್ಷಕ್ಕಿಂತ ಹೆಚ್ಚು ಮುಂದುವರಿಯಲಿಲ್ಲ. ಬಳಿಕ ಅಂಚೆಯ ಮೂಲಕ ಯಂತ್ರವಿನ್ಯಾಸದ ಪಾಠಗಳನ್ನು ಕಲಿತರು. ಪದವಿಯಿಲ್ಲದ ಈ ತರುಣನನ್ನು 1921ರಲ್ಲಿ ತ್ರೀಎಂ ಕಂಪನಿಯು ಪ್ರಯೋಗಾಲಯದ ಸಹಾಯಕನನ್ನಾಗಿ ನೇಮಿಸಿಕೊಂಡಿತು.

ಆ ಕಾಲಕ್ಕೆ ತ್ರೀಎಂ ಒಂದು ಸಾಧಾರಣ ಉಜ್ಜುಕಾಗದದ, ಅಂದರೆ ನಮ್ಮ ಬಡಗಿಗಳು ಪಾಲಿಶ್ ಕಾಗದ ಎನ್ನುವ ವಸ್ತುವಿನ ಕಾರ್ಖಾನೆಯಾಗಿತ್ತು. 1902ರಲ್ಲಿ ಟೂ ಹಾರ್ಬರ್ಸ್ ಎಂಬಲ್ಲಿ ಕುರಂದದ ಗಣಿಗಾರಿಕೆಗೆಂದು ಸ್ಥಾಪನೆಯಾದ ಈ ಕಂಪನಿಗೆ ಅಲ್ಲಿ ದೊರೆತದ್ದು ಕುರಂದವಲ್ಲ, ಉಜ್ಜುವ ಕೆಲಸಕ್ಕೆ ಬಾರದ ಬೇರೊಂದು ಕಲ್ಲು. ಗಣಿ ಕೈಕೊಟ್ಟ ಮೇಲೆ ಹೊರಗಿನಿಂದ ಕಚ್ಚಾವಸ್ತುವನ್ನು ತರಿಸಿ ಉಜ್ಜುಕಾಗದ ಮಾಡುವುದೇ ಅದರ ಕಸುಬಾಯಿತು. ಡ್ರೂ ಸೇರಿದ ವರ್ಷದಲ್ಲಿಯೇ ಕಂಪನಿಯು ನೀರಿನಲ್ಲಿ ನೆನೆಸಿ ಉಜ್ಜಬಹುದಾದ ವೆಟ್‌ಆರ್‌ಡ್ರೈ ಎಂಬ ಹೊಸ ಕಾಗದವನ್ನು ಮಾರುಕಟ್ಟೆಗೆ ತಂದಿತ್ತು. ಅದರ ಮಾದರಿಗಳನ್ನು ಸೇಂಟ್ ಪಾಲ್ ನಗರದ ಕಾರು ಬಣ್ಣದ ಗ್ಯಾರೇಜುಗಳಿಗೆ ಕೊಂಡೊಯ್ದು ಪರೀಕ್ಷಿಸಿ ಬರುವುದು ಡ್ರೂ ಅವರ ಕೆಲಸಗಳಲ್ಲಿ ಒಂದಾಗಿತ್ತು.

ಮಾಸ್ಕಿಂಗ್ ಟೇಪು

ಅಂದು ಎರಡು ಬಣ್ಣದ ಕಾರುಗಳು ಶ್ರೀಮಂತರ ಶೋಕಿಯಾಗಿದ್ದವು. ಒಂದು ಬಣ್ಣ ಬಳಿದು ಒಣಗಿಸಿ, ಆ ಭಾಗವನ್ನು ಮುಚ್ಚಿ, ಉಳಿದ ಭಾಗಕ್ಕೆ ಇನ್ನೊಂದು ಬಣ್ಣವನ್ನು ಸಿಂಪಡಿಸಬೇಕಿತ್ತು. ಎರಡು ಬಣ್ಣಗಳ ನಡುವಿನ ಗೆರೆ ನೇರವಾಗಿ, ಚೂಪಾಗಿ ಬರುವುದರಲ್ಲಿಯೇ ಕುಶಲತೆ ಅಡಗಿತ್ತು. ಕೆಲಸಗಾರರು ಹಳೆಯ ಪತ್ರಿಕೆಗಳನ್ನು ಅಂಟಿನಿಂದ ಮೆತ್ತುತ್ತಿದ್ದರು. ಇಲ್ಲವೆ ಗಾಯಕ್ಕೆ ಹಚ್ಚುವ ಬಟ್ಟೆಯ ಪ್ಲಾಸ್ಟರನ್ನು ಬಳಸುತ್ತಿದ್ದರು. ಅಂಟು ಒಣಗಿ ಕಲ್ಲಾದರೆ ಕೆರೆದು ತೆಗೆಯಬೇಕು. ಪ್ಲಾಸ್ಟರನ್ನು ಎಳೆದರೆ ಅದರ ಜೊತೆಗೆ ಹೊಸ ಬಣ್ಣವೂ ಕಿತ್ತು ಬರುತ್ತಿತ್ತು. ಪ್ಲಾಸ್ಟರಿನ ಬಟ್ಟೆಯ ಎಳೆಗಳ ಮೂಲಕ ದ್ರಾವಕ ಇಳಿದು ಕೆಳಗಿನ ಬಣ್ಣ ಕದಡುವುದೂ ಉಂಟು. ದಿನಗಟ್ಟಲೆಯ ಕೆಲಸ ಕಡೆಯ ಗಳಿಗೆಯಲ್ಲಿ ಹಾಳಾಗಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು.

1923ರಲ್ಲಿ ಉಜ್ಜುಕಾಗದದ ಮಾದರಿಯೊಂದಿಗೆ ಗ್ಯಾರೇಜಿಗೆ ಹೋದ ಡ್ರೂ ಅವರ ಕಣ್ಣೆದುರಿಗೆ ಇಂತಹುದೇ ಒಂದು ಅನಾಹುತ ನಡೆಯಿತು. ಬಣ್ಣಗಾರರ ಬೈಗುಳಗಳನ್ನು ಕೇಳಿದ ಇಪ್ಪತ್ತನಾಲ್ಕರ ಆಸುಪಾಸಿನ ತರುಣ, ಇದಕ್ಕೆ ತಾನು ಪರಿಹಾರ ಹುಡುಕಿಕೊಡುವುದಾಗಿ ಅಲ್ಲಿಯೇ ಮಾತು ಕೊಟ್ಟುಬಿಟ್ಟರು. ಆಗ ಅವರಿಗೆ ಅಂಟಿನ ವಿಷಯದಲ್ಲಾಗಲಿ ಟೇಪಿನ ವಿಷಯದಲ್ಲಾಗಲಿ ಯಾವ ಅನುಭವವೂ ಇರಲಿಲ್ಲ. ಆದರೆ ಒಂದು ಅನುಕೂಲವಿತ್ತು. ಉಜ್ಜುಕಾಗದವೆಂದರೆ ಅಂಟು ಬಳಿದ ಕಾಗದದ ಮೇಲೆ ಹರಳುಪುಡಿ ಉದುರಿಸಿದ್ದು ತಾನೆ? ಹರಳುಪುಡಿಯನ್ನು ಬಿಟ್ಟರೆ ಉಳಿಯುವುದು ಅಂಟುಕಾಗದ. ಕಾಗದಕ್ಕೆ ಸಮನಾಗಿ ಅಂಟು ಲೇಪಿಸುವ ವಿದ್ಯೆ ಆ ಕಾರ್ಖಾನೆಗೆ ಕರಗತವಾಗಿತ್ತು. ಕಷ್ಟವಿದ್ದುದು ಒಣಗದೆ ಸದಾ ಜಿಗುಟಾಗಿರುವ, ಆದರೆ ಬಣ್ಣದ ಮೇಲೆ ಕಲೆ ಬಿಡದ ಅಂಟನ್ನು ಕಂಡುಹಿಡಿಯುವುದರಲ್ಲಿ.

ಡ್ರೂ ಅವರು ಸಸ್ಯಜನ್ಯ ಎಣ್ಣೆಗಳು, ಅಗಸೆಯೆಣ್ಣೆ, ರಾಳಗಳು, ಚೂಯಿಂಗ್ ಗಮ್ಮಿಗೆ ಬಳಸುವ ಚಿಕಲ್ ಎಂಬ ಮರದ ಹಾಲು ಮುಂತಾದವನ್ನು ಒಂದೊಂದಾಗಿ ಪ್ರಯೋಗಿಸಿ ನೋಡಿದರು. ಕೊನೆಗೆ ಬಡಗಿಯ ಸರಸಿಗೆ ಗ್ಲಿಸರಿನ್ ಸೇರಿಸಿದ ಮಿಶ್ರಣವು ತಕ್ಕಮಟ್ಟಿಗೆ ಒದಗಿಬಂತು. ಅಂಟಿನ ಸಮಸ್ಯೆ ತಿಳಿಯಾದರೂ ಕಾಗದದ ಸಮಸ್ಯೆ ಉಳಿಯಿತು. ಸಾಮಾನ್ಯ ಕಾಗದ ಕಾರಿನ ಬಾಗುಗಳಿಗೆ ಒಗ್ಗುತ್ತಿರಲಿಲ್ಲ. ಸುರುಳಿಯಿಂದ ಬಿಚ್ಚುವಾಗ ಹರಿಯುತ್ತಿತ್ತು.

ಸಮಯವೂ ಹಣವೂ ಹರಿದುಹೋಗುತ್ತಿರುವುದನ್ನು ಕಂಡ ಕಂಪನಿಯ ಮುಖ್ಯಾಧಿಕಾರಿ ವಿಲಿಯಂ ಮ್ಯಾಕ್‌ನೈಟ್ ಅವರು ಈ ಕೆಲಸವನ್ನು ನಿಲ್ಲಿಸಿ ಉಜ್ಜುಕಾಗದಕ್ಕೆ ಮರಳುವಂತೆ ಆಜ್ಞಾಪಿಸಿದರು. ಡ್ರೂ ಅವರು ಕೆಲಕಾಲ ಹಾಗೆಯೇ ನಡೆದುಕೊಂಡರು. ಅಷ್ಟರಲ್ಲಿ ಸಣ್ಣ ಸಣ್ಣ ನಿರಿಗೆಗಳುಳ್ಳ ಕ್ರೇಪ್ ಕಾಗದವನ್ನು ಬಳಸಿದರೆ ಅದು ಹಿಗ್ಗಿ ಬಾಗುಗಳಿಗೆ ಹೊಂದಿಕೊಳ್ಳುತ್ತದೆಂಬ ವಿಚಾರ ಹೊಳೆಯಿತು; ಆಜ್ಞೆಯನ್ನು ಬದಿಗಿಟ್ಟು ಪ್ರಯೋಗಾಲಯಕ್ಕೆ ಮರಳಿದರು. ಮ್ಯಾಕ್‌ನೈಟ್ ಅವರಿಗೆ ಇದು ಗೊತ್ತಾದರೂ ತಡೆಯಲಿಲ್ಲ. ಆದರೆ ತಯಾರಿಕೆಗೆ ಬೇಕಾದ ಯಂತ್ರಕ್ಕೆ ಹಣ ಕೇಳಿದಾಗ ಒಪ್ಪಿಗೆ ನೀಡಲಿಲ್ಲ. ಪ್ರಯೋಗಾಲಯದ ನೌಕರನಾಗಿ 100 ಡಾಲರ್ ಮೀರದ ಖರೀದಿಗೆ ಡ್ರೂ ಅವರೇ ಸಹಿ ಮಾಡಬಹುದಿತ್ತು. ಅವರು ಯಂತ್ರದ ವೆಚ್ಚವನ್ನು ಆ ಮಿತಿಯೊಳಗಿನ ಬಿಡಿ ಖರೀದಿಗಳಾಗಿ ಒಡೆದು ಯಂತ್ರವನ್ನು ತರಿಸಿಕೊಂಡರು. ಮುಂದೆ ಇದನ್ನು ಮೇಲಧಿಕಾರಿಗೆ ತಾವೇ ಒಪ್ಪಿಕೊಂಡರು. ಸರಕಾರಿ ಲೆಕ್ಕಪರಿಶೋಧನೆಯ ಅನುಭವವಿರುವ ಓದುಗರಿಗೆ ಇದು ಗಂಭೀರ ಲೋಪವಾಗಿ ಕಾಣುವುದು ಸಹಜ. ಮ್ಯಾಕ್‌ನೈಟ್ ಅವರು ಅದನ್ನು ಹಾಗೆ ಕಾಣಲಿಲ್ಲ. ನೌಕರರಿಗೆ ತಮ್ಮ ಸ್ವಂತ ಆಲೋಚನೆಗಳ ಮೇಲೆ ಕೆಲಸ ಮಾಡಲು ಒಂದಿಷ್ಟು ಸಮಯ ಬಿಟ್ಟುಕೊಡುವ ತ್ರೀಎಂ ಕಂಪನಿಯ ಪದ್ಧತಿಗೆ ಈ ಪ್ರಸಂಗವೇ ಪ್ರೇರಣೆಯೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ.

1925ರಲ್ಲಿ ಟೇಪು ಸಿದ್ಧವಾಯಿತು. ಮೊದಲ ಮಾದರಿಯು ಎರಡು ಇಂಚು ಅಗಲವಿದ್ದು, ಅಂಚುಗಳಲ್ಲಿ ಮಾತ್ರ ಅಂಟಿನ ಲೇಪವಿತ್ತು. ಅದನ್ನು ಹಚ್ಚಿದ ಬಣ್ಣಗಾರನ ಎದುರಿನಲ್ಲಿಯೇ ಅದು ಕಳಚಿ ಬಿತ್ತು. ಅಂಟಿನಲ್ಲಿ ಕಂಪನಿಯವರು ಜಿಪುಣತನ ಮಾಡಿದ್ದಾರೆಂದು ರೇಗಿದ ಆತ, ಸ್ಕಾಟ್ಲೆಂಡಿನವರ ಜಿಪುಣತನದ ಬಗೆಗೆ ಆ ಕಾಲದಲ್ಲಿ ಬಳಕೆಯಲ್ಲಿದ್ದ ಮೂದಲಿಕೆಯ ಪದವನ್ನು ಬಳಸಿ ಟೇಪನ್ನು ಹಿಂದಕ್ಕೆ ಕಳುಹಿಸಿದನೆಂದೂ, ಸ್ಕಾಚ್ ಎಂಬ ವ್ಯಾಪಾರನಾಮವು ಹೀಗೆ ಬಂದಿತೆಂದೂ ಕಥೆ ಪ್ರಚಲಿತವಾಗಿದೆ. ಪೂರ್ತಿ ಅಂಟು ಬಳಿದ ಸುಧಾರಿತ ಟೇಪು ಡೆಟ್ರಾಯಿಟ್‌ನ ಕಾರು ತಯಾರಕರಲ್ಲಿ ಬೇಗನೆ ಹಬ್ಬಿತು. ಇದಕ್ಕೆ ಸಂಬಂಧಿಸಿದ ಪೇಟೆಂಟು ಡ್ರೂ ಅವರಿಗೆ 1930ರ ಮೇ 27ರಂದು ದೊರೆಯಿತು.

ಅಂಟಿಯೂ ಬಿಡುವ ಗುಣ

ಈ ಬಗೆಯ ಅಂಟುಗಳನ್ನು ಒತ್ತಡಸಂವೇದಿ ಅಂಟುಗಳೆನ್ನುತ್ತಾರೆ. ಇವಕ್ಕೆ ನೀರು ಬೇಡ, ಶಾಖ ಬೇಡ, ಒಣಗುವ ಅವಧಿಯೂ ಬೇಡ; ಬೆರಳಿನಿಂದ ಒತ್ತಿದರೆ ಸಾಕು. ಅಂಚೆ ಚೀಟಿಯ ಅಂಟು ಅಥವಾ ಸರಸು ದ್ರವರೂಪದಲ್ಲಿ ಹರಡಿ ಬಳಿಕ ಗಟ್ಟಿಯಾಗಿ ಹಿಡಿಯುತ್ತದೆ. ಒತ್ತಡಸಂವೇದಿ ಅಂಟು ಗಟ್ಟಿಯಾಗುವುದೇ ಇಲ್ಲ. ನಿಧಾನವಾಗಿ ಒತ್ತಿದಾಗ ಅದು ದಪ್ಪ ದ್ರವದಂತೆ ಹರಿದು ಮೇಲ್ಮೈಯ ಸೂಕ್ಷ್ಮ ತಗ್ಗುದಿಣ್ಣೆಗಳನ್ನು ತುಂಬಿಕೊಳ್ಳುತ್ತದೆ. ಥಟ್ಟನೆ ಎಳೆದಾಗ ರಬ್ಬರಿನಂತೆ ಪ್ರತಿರೋಧ ತೋರುತ್ತದೆ. ರಬ್ಬರಿನಂತಹ ಹಿಗ್ಗುವ ಪದಾರ್ಥವೂ ಅದನ್ನು ಜಿಗುಟಾಗಿಸುವ ರಾಳವೂ ಸರಿಯಾದ ಪ್ರಮಾಣದಲ್ಲಿ ಕೂಡಿದಾಗ ಈ ಎರಡು ಗುಣಗಳೂ ಏಕಕಾಲಕ್ಕೆ ದೊರೆಯುತ್ತವೆ. ರಾಳ ಹೆಚ್ಚಾದರೆ ಅಂಟು ಕೈಗೆ ಮೆತ್ತಿಕೊಳ್ಳುತ್ತದೆ, ಕಡಿಮೆಯಾದರೆ ಟೇಪು ನಿಲ್ಲುವುದಿಲ್ಲ.

ಇಲ್ಲಿ ಗಮನಿಸಬೇಕಾದ ನಿಯಮವೊಂದಿದೆ. ಟೇಪನ್ನು ಕೀಳುವಾಗ ಮೂರು ಹಿಡಿತಗಳು ಪರಸ್ಪರ ಸೆಣಸುತ್ತವೆ: ಅಂಟು ಮತ್ತು ಟೇಪಿನ ನಡುವಿನದು, ಅಂಟು ಮತ್ತು ಬಣ್ಣದ ನಡುವಿನದು, ಬಣ್ಣ ಮತ್ತು ಲೋಹದ ನಡುವಿನದು. ಎರಡನೆಯ ಹಿಡಿತವೇ ಮೊದಲು ಸೋಲಬೇಕು. ಮೊದಲನೆಯದು ಸೋತರೆ ಅಂಟಿನ ಜಿಡ್ಡು ಉಳಿಯುತ್ತದೆ. ಮೂರನೆಯದು ಸೋತರೆ ಬಣ್ಣದ ಪದರವೇ ಎದ್ದು ಬರುತ್ತದೆ. ಸೇಂಟ್ ಪಾಲ್ ಗ್ಯಾರೇಜಿನಲ್ಲಿ ಅಂದು ಸೋತದ್ದು ಮೂರನೆಯದು.

ಸೆಲ್ಲೊಫೇನ್ ಟೇಪು

1929ರಲ್ಲಿ ಸೇಂಟ್ ಪಾಲ್ ನಗರದ ಫ್ಲ್ಯಾಕ್ಸ್‌ಲೈನಂ ಎಂಬ ಕಂಪನಿಯು ಶೀತಲ ರೈಲುಡಬ್ಬಿಗಳಲ್ಲಿ ಬಳಸುವ ಉಷ್ಣನಿರೋಧಕ ಹಾಸುಗಳ ಹೊದಿಕೆಯನ್ನು ತೇವ ನುಗ್ಗದಂತೆ ಮುಚ್ಚುವ ಟೇಪನ್ನು ಕೇಳಿತು. ಆಗಷ್ಟೇ ಬಳಕೆಗೆ ಬಂದಿದ್ದ ತೇವನಿರೋಧಕ ಸೆಲ್ಲೊಫೇನ್ ಹಾಳೆಯ ಮೇಲೆ ಅಂಟು ಲೇಪಿಸಬಾರದೇಕೆಂದು ಡ್ರೂ ಅವರು ಯೋಚಿಸಿದರು. ಸೆಲ್ಲೊಫೇನ್ ಶಾಖಕ್ಕೆ ಮುದುರಿಕೊಳ್ಳುತ್ತಿತ್ತು, ಯಂತ್ರದಲ್ಲಿ ಸೀಳಿಹೋಗುತ್ತಿತ್ತು. ಅಂಟು ಅದರ ಮೇಲೆ ಸಮನಾಗಿ ಕೂರುತ್ತಿರಲಿಲ್ಲ. ಅಂಟಿಗಿಂತ ಮೊದಲು ಬೇರೊಂದು ತಳಲೇಪವನ್ನು ಕೊಟ್ಟು ಈ ತೊಡಕನ್ನು ಬಿಡಿಸಲಾಯಿತು. ಹಾಳೆ ಪಾರದರ್ಶಕವಾಗಿದ್ದುದರಿಂದ ಅಂಟೂ ಬಣ್ಣವಿಲ್ಲದ್ದಾಗಬೇಕಿತ್ತು. ಅದಕ್ಕೂ ಹೊಸ ಮಿಶ್ರಣ ಬೇಕಾಯಿತು. ಇಷ್ಟೆಲ್ಲ ಆಗುವಷ್ಟರಲ್ಲಿ ಮೂಲ ಗ್ರಾಹಕರಿಗೆ ಅದರ ಅಗತ್ಯವೇ ಉಳಿದಿರಲಿಲ್ಲ. 1930ರ ಸೆಪ್ಟೆಂಬರಿನಲ್ಲಿ ಶಿಕಾಗೋದ ಗ್ರಾಹಕರೊಬ್ಬರಿಗೆ ಮೊದಲ ಸುರುಳಿ ಹೋಯಿತು.

ಅದು ಮಹಾ ಆರ್ಥಿಕ ಕುಸಿತದ ಕಾಲ. ಬ್ರೆಡ್ಡು ಮತ್ತು ದಿನಸಿಯ ಪೊಟ್ಟಣಗಳನ್ನು ಮುಚ್ಚಲೆಂದು ತಯಾರಿಸಿದ ಟೇಪಿಗೆ, ಸೆಲ್ಲೊಫೇನನ್ನು ಶಾಖದಿಂದಲೇ ಬೆಸೆಯುವ ವಿಧಾನ ಬಂದೊಡನೆ ಆ ಮಾರುಕಟ್ಟೆ ಇಲ್ಲದಾಯಿತು. ಆದರೆ ಹೊಸದನ್ನು ಕೊಳ್ಳಲು ಹಣವಿಲ್ಲದ ಜನ ಹರಿದ ಪುಸ್ತಕ, ಬಿರುಕು ಬಿಟ್ಟ ಆಟಿಕೆ, ಕಿಟಕಿಯ ಪರದೆ, ಹರಿದ ನೋಟುಗಳಿಗೂ ಈ ಟೇಪನ್ನು ಹಚ್ಚತೊಡಗಿದರು. ತಯಾರಕರು ಊಹಿಸದ ಉಪಯೋಗಗಳನ್ನು ಬಡತನವೇ ಹುಡುಕಿಕೊಂಡಿತು. ಸುರುಳಿಯ ತುದಿ ಕಣ್ಣಿಗೆ ಕಾಣದೆ ಉಗುರಿನಿಂದ ಕೆದಕಬೇಕಾಗುತ್ತಿದ್ದ ತೊಂದರೆಗೆ ಮಾರಾಟ ವಿಭಾಗದ ಜಾನ್ ಬೋರ್ಡನ್ ಅವರು 1932ರಲ್ಲಿ ಹಲ್ಲಿನ ಅಲಗುಳ್ಳ ಹಿಡಿಕೆಯನ್ನು ರೂಪಿಸಿ ಪರಿಹಾರ ಒದಗಿಸಿದರು. ಕನ್ನಡನಾಡಿನಲ್ಲಿ ಇದಕ್ಕೆ ರೂಢಿಯಾಗಿರುವ ಸೆಲೋಟೇಪು ಎಂಬ ಹೆಸರು 1937ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಇನ್ನೊಂದು ಕಂಪನಿಯ ವ್ಯಾಪಾರನಾಮದಿಂದ ಬಂದದ್ದು.

ನಂತರದ ವರ್ಷಗಳು

1943ರಲ್ಲಿ ಡ್ರೂ ಅವರಿಗಾಗಿ ಕಂಪನಿಯು ಪ್ರತ್ಯೇಕ ಪ್ರಯೋಗಾಲಯವೊಂದನ್ನು ಸ್ಥಾಪಿಸಿತು. ಬೇರೆ ವಿಭಾಗಗಳಲ್ಲಿ ಹೊಂದಿಕೊಳ್ಳಲಾಗದ ಕೆಲಸಗಾರರನ್ನು ಅವರು ಇಲ್ಲಿಗೆ ಬರಮಾಡಿಕೊಳ್ಳುತ್ತಿದ್ದರು. ಗಾಳಿಯಾಡುವ ವೈದ್ಯಕೀಯ ಟೇಪು, ಉಡುಗೊರೆಗೆ ಕಟ್ಟುವ ಅಲಂಕಾರದ ರಿಬ್ಬನ್ನು, ಮುಖಗವಸು ಮೊದಲಾದವು ಇಲ್ಲಿಯ ಫಲಗಳು. ರಾತ್ರಿ ವಾಹನದ ಬೆಳಕು ಬಿದ್ದಾಗ ಹೊಳೆಯುವ ಪ್ರತಿಫಲಕ ಹಾಳೆಯ ಅಭಿವೃದ್ಧಿಯಲ್ಲಿಯೂ ಈ ಪ್ರಯೋಗಾಲಯಕ್ಕೆ ಪಾತ್ರವಿದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಇಂಡಿ, ಸಿಂದಗಿ ರಸ್ತೆಗಳ ಕತ್ತಲಲ್ಲಿ ಸಾಗುವ ಟ್ರ್ಯಾಕ್ಟರ್ ಟ್ರೇಲರುಗಳ ಹಿಂಬದಿಗೆ ಹಚ್ಚುವ ಕೆಂಪು ಪಟ್ಟಿಯೂ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿಗೆ ಅಂಟಿಸುವ ಹೊಳೆಯುವ ಚೀಟಿಯೂ ಇದೇ ಜಾತಿಯವು.

ಡ್ರೂ ಅವರ ಹೆಸರಿನಲ್ಲಿ ಒಟ್ಟು 30 ಪೇಟೆಂಟುಗಳಿವೆ. 1962ರಲ್ಲಿ ನಿವೃತ್ತರಾದರು.

ಸೈಕಲ್ಲಿನ ಬಣ್ಣದ ರಕ್ಷಣೆ

ಸೈಕಲ್ಲಿನ ಉಕ್ಕಿನ ಫ್ರೇಮಿಗೆ ಬಣ್ಣವೇ ಚರ್ಮ. ಅದು ಕಿತ್ತುಹೋದ ಕಡೆ ತುಕ್ಕು ಹಿಡಿಯುತ್ತದೆ. ತುಕ್ಕು ಸುತ್ತಲಿನ ಬಣ್ಣದ ಅಡಿಗೂ ನುಸುಳಿ ಅದನ್ನು ಎಬ್ಬಿಸುತ್ತದೆ. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫ್ರೇಮಿಗೆ ಈ ಭಯವಿಲ್ಲದಿದ್ದರೂ ಸತತ ಉಜ್ಜಾಟದಿಂದ ಕೊಳವೆ ಸವೆಯುವ ಅಪಾಯವಿದೆ.

ಬಣ್ಣ ಹೋಗುವ ಜಾಗಗಳು ಬಹುಮಟ್ಟಿಗೆ ನಿಶ್ಚಿತವಾದವು. ಹ್ಯಾಂಡಲ್ ತಿರುಗಿದಾಗಲೆಲ್ಲ ಬ್ರೇಕು ಮತ್ತು ಗೇರಿನ ಕೇಬಲ್ಲುಗಳು ಮುಂದಿನ ಗಿಡ್ಡ ಕೊಳವೆಯ ಎರಡೂ ಬದಿಗೆ ಉಜ್ಜುತ್ತವೆ. ಮುಂದಿನ ಗಾಲಿ ಚಿಮ್ಮಿಸುವ ಹರಳುಗಳು ಕೆಳಗಿನ ಓರೆ ಕೊಳವೆಯ ಅಡಿಭಾಗಕ್ಕೆ ಬಡಿಯುತ್ತವೆ. ಚೈನ್‌ಕವರ್ ಇಲ್ಲದ ಸೈಕಲ್ಲುಗಳಲ್ಲಿ, ತಗ್ಗುದಿಣ್ಣೆಯ ದಾರಿಯಲ್ಲಿ, ಚೈನು ಎಗರಿ ಪೆಡಲಿನ ಬುಡದಿಂದ ಹಿಂದಿನ ಗಾಲಿಗೆ ಹೋಗುವ ಸಪೂರ ಕೊಳವೆಗೆ ಹೊಡೆಯುತ್ತದೆ. ಹಳ್ಳಿಗಳಲ್ಲಿ ಮೇಲಿನ ಅಡ್ಡ ಕೊಳವೆಯ ಮೇಲೆ ಮಗುವನ್ನು ಕೂರಿಸುವುದು, ಹಾಲಿನ ಕ್ಯಾನು, ಮೇವಿನ ಹೊರೆ, ನೀರಿನ ಕೊಡಗಳನ್ನು ತೂಗುಹಾಕುವುದು ಸಾಮಾನ್ಯ. ಅಲ್ಲಿನ ಬಣ್ಣ ಎಲ್ಲಕ್ಕಿಂತ ಮೊದಲು ಹೋಗುತ್ತದೆ.

ಹಿಂದಿನ ಐದು ತಾಲ್ಲೂಕುಗಳ ವಿಜಯಪುರ ಜಿಲ್ಲೆಯಲ್ಲಿ, ವಿಜಯಪುರವನ್ನು ಬಿಟ್ಟರೆ ಉಳಿದವು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ ನದಿಗಳಿರುವ ಈ ನೆಲದಲ್ಲಿ ಎರೆಮಣ್ಣಿನ ಪಾಲು ಬಹಳ ದೊಡ್ಡದು. ಮಳೆಗಾಲದಲ್ಲಿ ಎರೆಯ ದಾರಿಯಲ್ಲಿ ಸೈಕಲ್ ತುಳಿದವರಿಗೆ ಗೊತ್ತು: ಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿಯೇ ತಿರುಗದಂತಾಗಿ, ಕೊನೆಗೆ ಸವಾರನೇ ಸೈಕಲ್ಲನ್ನು ಹೊತ್ತು ನಡೆಯಬೇಕಾಗುತ್ತದೆ. ಹಾಗೆ ತುಂಬಿದ ಮಣ್ಣು ಫೋರ್ಕಿನ ಒಳಮೈಯ ಬಣ್ಣವನ್ನು ಉಜ್ಜುಕಾಗದದಂತೆ ತಿನ್ನುತ್ತದೆ. ಡೋಣಿಯ ನೀರಿನಲ್ಲಿ ಉಪ್ಪಿನಂಶವಿದೆ. ಅಂತಹ ನೀರಿನಲ್ಲಿ ತೊಳೆದು ಒರೆಸದೆ ಬಿಟ್ಟರೆ ಗೀರುಬಿದ್ದ ಕಡೆ ತುಕ್ಕು ಬೇಗ ಏಳುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಅಪರೂಪವಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಪ್ಪು ಬಣ್ಣದ ಕೊಳವೆಯನ್ನು ಮುಟ್ಟಲಾಗುವುದಿಲ್ಲ. ಅಂಟಿನ ಪರೀಕ್ಷೆಗೆ ಇದಕ್ಕಿಂತ ಕಠಿಣವಾದ ಸ್ಥಳ ಹೆಚ್ಚು ಸಿಗಲಾರದು.

ವಿಜಯಪುರ ಮತ್ತು ನೆರೆಯ ಬಾಗಲಕೋಟೆ ಜಿಲ್ಲೆಗಳು ಸೈಕಲ್ ಸ್ಪರ್ಧಿಗಳಿಗೆ ಹೆಸರಾದವು; ವಿಜಯಪುರದ ಕ್ರೀಡಾನಿಲಯದಲ್ಲಿ ಸೈಕ್ಲಿಂಗ್ ತರಬೇತಿಯಿದೆ. ಇನ್ನೊಂದೆಡೆ, ರಾಜ್ಯ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿದ ಮೇಲೆ ಹಳ್ಳಿಯ ಶಾಲೆಗಳ ಅಂಗಳದಲ್ಲಿ ಒಂದೇ ಬಣ್ಣದ ಸೈಕಲ್ಲುಗಳ ಸಾಲು ಕಾಣಿಸತೊಡಗಿತು. ಎಲ್ಲವೂ ಒಂದೇ ತೆರನಾಗಿದ್ದುದರಿಂದ ಮಕ್ಕಳು ತಮ್ಮದನ್ನು ಗುರುತಿಸಿಕೊಳ್ಳಲೆಂದು ಬಣ್ಣದ ಟೇಪನ್ನು ಸುತ್ತುತ್ತಿದ್ದರು. ಕಾರ್ಖಾನೆಯಿಂದ ಬಂದಾಗ ಕೊಳವೆಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ಬಣ್ಣ ಕೆಡಬಾರದೆಂದು ವರ್ಷಗಟ್ಟಲೆ ಬಿಚ್ಚದೆ ಇಟ್ಟುಕೊಳ್ಳುವವರೂ ಇದ್ದರು. ಹೊಸ ವಸ್ತುವಿನ ಮೇಲಿನ ಮಮತೆಯಿಂದ ಮಾಡುವ ಈ ಕೆಲಸವೇ ಕೆಡುಕಿಗೆ ಕಾರಣವಾಗುತ್ತದೆ. ಸಡಿಲವಾದ ಹೊದಿಕೆಯೊಳಗೆ ನುಗ್ಗಿದ ಮಳೆನೀರು ಆರದೆ ನಿಂತು, ಹೊರಗಿನಿಂದ ಕಾಣದಂತೆ ತುಕ್ಕು ಬೆಳೆಯುತ್ತದೆ. ಹಳೆಯ ಟ್ಯೂಬನ್ನು ಕತ್ತರಿಸಿ ಕೊಳವೆಗೆ ಸುತ್ತುವ ಪದ್ಧತಿಗೂ ಇದೇ ದೋಷವಿದೆ; ಚೈನಿನ ಹೊಡೆತವನ್ನು ಅದು ಚೆನ್ನಾಗಿ ತಡೆಯುತ್ತದೆ, ಆದರೆ ಮಳೆಗಾಲ ಮುಗಿದೊಡನೆ ಬಿಚ್ಚಿ ಒರೆಸಿ ಮತ್ತೆ ಸುತ್ತಬೇಕು.

ಕೈಗೆ ಸುಲಭವಾಗಿ ಸಿಗುವ ಟೇಪುಗಳಲ್ಲಿ ಹೆಚ್ಚಿನವು ಈ ಕೆಲಸಕ್ಕೆ ಒದಗುವುದಿಲ್ಲ. ವಿದ್ಯುತ್ ಕೆಲಸದವರ ಇನ್ಸುಲೇಷನ್ ಟೇಪಿನ ಅಂಟು ಬೇಸಿಗೆಯಲ್ಲಿ ಕರಗಿ ಅಂಚುಗಳಿಂದ ಹೊರಬರುತ್ತದೆ. ಅದಕ್ಕೆ ಧೂಳು ಹಿಡಿದು ಕಪ್ಪು ಗೆರೆಯಾಗುತ್ತದೆ. ಪೆಟ್ಟಿಗೆಗೆ ಹಚ್ಚುವ ಪ್ಯಾಕಿಂಗ್ ಟೇಪು ಬಾಗುಗಳ ಮೇಲೆ ಕೂರುವುದಿಲ್ಲ, ಬಿಸಿಲಿಗೆ ಚೂರುಚೂರಾಗುತ್ತದೆ. ಸೆಲ್ಲೊಫೇನ್ ಟೇಪು ಹಳದಿಗಟ್ಟಿ ಒಡೆಯುತ್ತದೆ. ಡ್ರೂ ಅವರ ಮಾಸ್ಕಿಂಗ್ ಟೇಪಂತೂ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನಗಳ ಮಟ್ಟಿಗೆ ಉದ್ದೇಶಿಸಿದ್ದು. ಬಿಸಿಲಿನಲ್ಲಿ ವಾರಗಟ್ಟಲೆ ಬಿಟ್ಟರೆ ಅದರ ಅಂಟು ಬೆಂದು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಹಳೆಯ ಸೈಕಲ್ಲಿಗೆ ಮರಳಿ ಬಣ್ಣ ಹೊಡೆಯುವಾಗ, ಎರಡು ಬಣ್ಣಗಳ ನಡುವೆ ಗೆರೆ ತೆಗೆಯುವಾಗ ಮಾತ್ರ ಅದಕ್ಕೆ ಸಮನಾದುದಿಲ್ಲ.

ದೀರ್ಘಕಾಲದ ರಕ್ಷಣೆಗೆ ಇಂದು ಬಳಕೆಯಲ್ಲಿರುವುದು ಪಾಲಿಯುರೆಥೇನಿನ ಪಾರದರ್ಶಕ ಹಾಳೆ. ಮರಳು, ಧೂಳು ತಾಗಿ ಸವೆಯುವ ಹೆಲಿಕಾಪ್ಟರ್ ರೆಕ್ಕೆಗಳ ಮುಂಗಟ್ಟನ್ನು ಕಾಯಲು ಇಂತಹ ಹಾಳೆಗಳನ್ನು ಬಳಸುತ್ತಾರೆ. ಕಾರುಗಳಿಗೂ ಸೈಕಲ್ಲುಗಳಿಗೂ ಅದೇ ತಂತ್ರ ಬಂದಿದೆ. ಇದರ ಅಂಟು ಹೆಚ್ಚಾಗಿ ಅಕ್ರಿಲಿಕ್ ಜಾತಿಯದು; ರಬ್ಬರಿನ ಅಂಟಿಗಿಂತ ಬಿಸಿಲನ್ನೂ ಶಾಖವನ್ನೂ ಚೆನ್ನಾಗಿ ತಾಳುತ್ತದೆ. ಹಾಳೆಯು ಹಿಗ್ಗುವುದರಿಂದ ಹರಳಿನ ಹೊಡೆತವನ್ನು ತಾನೇ ನುಂಗಿಕೊಳ್ಳುತ್ತದೆ. ಉತ್ತಮ ದರ್ಜೆಯ ಹಾಳೆಗಳ ಮೇಲಿನ ಸಣ್ಣ ಗೀರುಗಳು ಬಿಸಿಲಿನ ಶಾಖಕ್ಕೆ ತಾವಾಗಿಯೇ ಮಾಯುತ್ತವೆ. ವಿನೈಲ್ ಹಾಳೆ ಅಗ್ಗ. ಆದರೆ ಅದು ಗಡುಸು, ಕ್ರಮೇಣ ಕುಗ್ಗಿ ಅಂಚಿನಲ್ಲಿ ಏಳುತ್ತದೆ. ಬೆಲೆ ಹೆಚ್ಚಾದುದರಿಂದ ಇಡೀ ಫ್ರೇಮಿಗೆ ಹಚ್ಚುವುದಕ್ಕಿಂತ ಮೇಲೆ ಹೇಳಿದ ಉಜ್ಜುವ ಜಾಗಗಳಿಗೆ ತುಂಡು ಹಚ್ಚುವುದೇ ಲೇಸು. ಶಾಲೆಯ ಮಗುವಿನ ಸೈಕಲ್ಲಿಗೆ ಕೇಬಲ್ ತಾಗುವ ಎರಡು ಕಡೆ ಬೆರಳುದ್ದದ ತುಂಡುಗಳು ಸಾಕು.

ಹಚ್ಚುವ ಕ್ರಮದಲ್ಲಿ ಅವಸರ ಸಲ್ಲದು. ಮೊದಲು ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆಯ ಜಿಡ್ಡು ಹೋಗುವಂತೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಚೈನಿನ ಹತ್ತಿರದ ಕೊಳವೆಗಳಿಗೆ ಇದು ಎರಡು ಸಲ ಬೇಕಾಗುತ್ತದೆ. ಹಾಳೆಯ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಏಕೆಂದರೆ ಚೂಪಾದ ಮೂಲೆಯಿಂದಲೇ ಅದು ಏಳತೊಡಗುತ್ತದೆ. ಒಂದೆರಡು ಹನಿ ಸೋಪು ಬೆರೆಸಿದ ನೀರನ್ನು ಕೊಳವೆಗೂ ಹಾಳೆಯ ಅಂಟುಬದಿಗೂ ಚಿಮುಕಿಸಿದರೆ ಹಾಳೆ ಜಾರಿ ಸರಿಯಾದ ಜಾಗಕ್ಕೆ ಕೂರುತ್ತದೆ. ಅನಂತರ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ನೀರನ್ನೂ ಗಾಳಿಗುಳ್ಳೆಗಳನ್ನೂ ಹೊರಹಾಕಬೇಕು. ಹೆಚ್ಚು ಬಾಗಿದ ಕಡೆ ಕೂದಲು ಒಣಗಿಸುವ ಯಂತ್ರದಿಂದ ಹದವಾಗಿ ಕಾಯಿಸಿದರೆ ಹಾಳೆ ಮೆತ್ತಗಾಗಿ ಒಗ್ಗುತ್ತದೆ. ಒಂದು ದಿನ ನೀರು ಸೋಕಿಸದೆ ಬಿಡಬೇಕು. ಹೊಸದಾಗಿ ಬಣ್ಣ ಹೊಡೆಸಿದ ಫ್ರೇಮಾದರೆ ಕೆಲವು ವಾರ ಕಾಯುವುದು ಅವಶ್ಯಕ. ಬಣ್ಣದೊಳಗಿನ ದ್ರಾವಕ ಪೂರ್ತಿ ಆರದೆ ಹಾಳೆ ಹಚ್ಚಿದರೆ ಗುಳ್ಳೆಗಳೇಳುತ್ತವೆ. ಬಣ್ಣ ಮತ್ತು ಲೋಹದ ಹಿಡಿತವೂ ಇನ್ನೂ ಎಳಸಾಗಿರುತ್ತದೆ. ಕಂಪನಿಯ ಹೆಸರಿನ ಚೀಟಿಯು ಪಾರದರ್ಶಕ ವಾರ್ನಿಷಿನ ಮೇಲುಭಾಗದಲ್ಲಿದ್ದರೆ ಅದರ ಮೇಲೆ ಹಾಳೆ ಹಚ್ಚಬಾರದು, ಕೀಳುವಾಗ ಅದೂ ಬರುತ್ತದೆ. ಹೊಳಪಿಲ್ಲದ ಬಣ್ಣಕ್ಕೆ ಹೊಳಪಿಲ್ಲದ ಹಾಳೆಯನ್ನೇ ಆರಿಸಬೇಕು.

ತೆಗೆಯುವಾಗ ಸೆಟೆದು ಎಳೆಯುವುದೇ ಸಾಮಾನ್ಯ ತಪ್ಪು. ಹಾಳೆಯನ್ನು ಬೆಚ್ಚಗೆ ಮಾಡಿ, ಮೂಲೆಯೊಂದನ್ನು ಉಗುರಿನಿಂದ ಎಬ್ಬಿಸಿ, ಹಾಳೆಯನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿದಂತೆ ಕೊಳವೆಗೆ ಸಮೀಪವಾಗಿ, ನಿಧಾನವಾಗಿ ಎಳೆಯಬೇಕು. ವೇಗವಾಗಿ ಎಳೆದಷ್ಟೂ ಅಂಟು ಗಟ್ಟಿಯಾಗಿ ವರ್ತಿಸಿ ಬಣ್ಣದ ಮೇಲೆ ಬೀಳುವ ಸೆಳೆತ ಹೆಚ್ಚುತ್ತದೆ. ಉಳಿದ ಜಿಡ್ಡನ್ನು ಅಡುಗೆಯೆಣ್ಣೆ ಸವರಿ ಕೆಲಹೊತ್ತು ಬಿಟ್ಟು ಒರೆಸಿದರೆ ಬಹಳಷ್ಟು ಹೋಗುತ್ತದೆ. ಥಿನ್ನರನ್ನು ಬಳಸಿದರೆ ಜಿಡ್ಡಿನೊಂದಿಗೆ ಬಣ್ಣವೂ ಹೋಗುತ್ತದೆ.

ಟೇಪಿನಿಂದಾದ ಹಾನಿ

ಡ್ರೂ ಅವರ ಪಾರದರ್ಶಕ ಟೇಪಿನ ಕೀರ್ತಿಗೆ ಇನ್ನೊಂದು ಮುಖವಿದೆ. ಕಾಗದದ ಮೇಲೆ ವರ್ಷಗಟ್ಟಲೆ ಉಳಿದ ಟೇಪಿನ ಅಂಟು ಎಳೆಗಳೊಳಗೆ ಇಳಿದು ಕಂದು ಕಲೆಯಾಗುತ್ತದೆ. ಹಾಳೆ ಮಾತ್ರ ಒಣಗಿ ಉದುರುತ್ತದೆ. 1950ರ ದಶಕದಲ್ಲಿ ಮೃತ ಸಮುದ್ರದ ಸುರುಳಿಗಳ ಪ್ರಾಚೀನ ತುಣುಕುಗಳನ್ನು ವಿದ್ವಾಂಸರು ಇಂತಹ ಟೇಪಿನಿಂದಲೇ ಜೋಡಿಸಿದ್ದರು. ಆ ಅಂಟನ್ನು ಬಿಡಿಸುವ ಕೆಲಸ ಸಂರಕ್ಷಕರಿಗೆ ದಶಕಗಳ ಕಾಲದ ಹೊರೆಯಾಯಿತು. ಮನೆಯಲ್ಲಿರುವ ಹಳೆಯ ಪತ್ರ, ಪೋಥಿ, ಜಾತಕಗಳಿಗೆ ಈ ಟೇಪನ್ನು ಹಚ್ಚಬಾರದೆಂದು ಗ್ರಂಥಪಾಲಕರು ಎಚ್ಚರಿಸುವುದು ಇದೇ ಕಾರಣಕ್ಕೆ.

ಇದೇ ಟೇಪು ವಿಜ್ಞಾನಕ್ಕೆ ಅನಿರೀಕ್ಷಿತ ಉಪಕಾರವನ್ನೂ ಮಾಡಿದೆ. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟೈನ್ ನೊವೊಸೆಲೊವ್ ಅವರು ಸಾಮಾನ್ಯ ಅಂಟುಟೇಪಿನಿಂದ ಗ್ರಾಫೈಟನ್ನು ಪದರಪದರವಾಗಿ ಎಬ್ಬಿಸಿ, ಒಂದೇ ಪರಮಾಣುವಿನ ದಪ್ಪದ ಗ್ರಾಫೀನನ್ನು ಬೇರ್ಪಡಿಸಿದರು. ಅದರ ಮೇಲಿನ ಸಂಶೋಧನೆಗೆ 2010ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ನಿಧನ ಮತ್ತು ಗೌರವಗಳು

ಡ್ರೂ ಅವರು 1980ರ ಡಿಸೆಂಬರ್ 14ರಂದು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ನಿಧನರಾದರು. ಅವರು ದುಡಿದ ಕಂಪನಿಯ ಭಾರತೀಯ ಶಾಖೆಯು ಅದಾದ ಕೆಲವು ವರ್ಷಗಳ ಬಳಿಕ ಸ್ಥಾಪನೆಯಾಯಿತು. ಅದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. 2007ರಲ್ಲಿ ಡ್ರೂ ಅವರ ಹೆಸರನ್ನು ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವಪಟ್ಟಿಗೆ ಸೇರಿಸಲಾಯಿತು. ಅದೇ ವರ್ಷ ಅಮೆರಿಕನ್ ಕೆಮಿಕಲ್ ಸೊಸೈಟಿಯು ಪಾರದರ್ಶಕ ಟೇಪಿನ ಆವಿಷ್ಕಾರವನ್ನು ರಾಷ್ಟ್ರೀಯ ಐತಿಹಾಸಿಕ ರಾಸಾಯನಿಕ ಸ್ಮಾರಕವೆಂದು ಘೋಷಿಸಿತು.